ಮಾತಿನ ಗುಳ್ಳೆ

ನನ್ನ ಕೆಲಸ ಗುಳ್ಳೆ ಊದುವುದು.
ಬೇರೆಯವರ ಮಾತಿಗೆ ಬಿಳಿ ಗುಳ್ಳೆ, ಅದಕ್ಕೊಂದು ಬಾಲ,
ಬಾಲದ ತುದಿ ಆಡಿದವನ ಬಾಯಿಯ ಕಡೆಗೆ.
ಟೊಲೀಡೊದಲ್ಲಿ, ಟೈರ್ ಅಂಗಡಿಯ ಮಹಡಿಯಲ್ಲಿ,
ಇಪ್ಪತ್ತಾರು ವರ್ಷದಿಂದ.

ಇರುಳಂಬಿಗನಿಗೆ ನಾನೇ ಅಕ್ಷರ.
ಈರಿ ಸರೋವರದ ಮಂಜಿನಲ್ಲಿ ದೋಣಿ ನಡೆಸಿ
ಮುಳುಗುವವರನ್ನೆತ್ತುವ ಆ ಕಪ್ಪು ಕೋಟಿನವನಿಗೆ
ಮೊದಲೆಲ್ಲ ಮಾತೇ ಕಡಿಮೆ.
'ಹತ್ತು' ಅನ್ನುತ್ತಿದ್ದ. ಹತ್ತುತ್ತಿದ್ದರು. ಅಷ್ಟೆ.

ಆಮೇಲೆ ಲಿಂಡ್‌ಹೋಮ್ ಬಂದ.
ಕಾದಂಬರಿಗೆ ಬಹುಮಾನ, ಟೀವಿಯಲ್ಲಿ ಮುಖ,
ಹೊದಿಕೆಯ ಮೇಲೆ ಅಂಬಿಗನ ಹೆಸರಿಗಿಂತ
ಅವನದೇ ದಪ್ಪ. ಅದನ್ನೂ ಬರೆದವನು ನಾನೇ.
ಎಂದೂ ಕಾಮಿಕ್ಸ್ ಮುಟ್ಟದ ಪ್ರೊಫೆಸರುಗಳು
ಹಿಮದಲ್ಲಿ ಸಾಲುಗಟ್ಟಿದರು;
ಬಾಗಿಲು ಹಾಕಬೇಕಿದ್ದ ಡೆಲ್ಬರ್ಟನ ಅಂಗಡಿ
ಇನ್ನೂ ತೆರೆದಿದೆ. ಸುಳ್ಳು ಹೇಳಲಾರೆ.

ಆದರೆ ಆ ಮಾತು!
ಹುಟ್ಟು ಹಾಕುತ್ತ ಸಾವಿನ ಬಗ್ಗೆ ಭಾಷಣ,
ಮುಷ್ಟಿ ಎತ್ತಿದರೊಂದು ಉಪಮೆ,
ಬೀಳುವವನು ನೆಲ ಮುಟ್ಟುವುದರೊಳಗೆ
ಇಡೀ ಪ್ಯಾರಾ.
ರೊಸಾಲ್ಬಾ ಮೂರು ರಾತ್ರಿ ಕೂತು ಬಿಡಿಸಿದ ಸೇತುವೆ
ನನ್ನ ಗುಳ್ಳೆಯಡಿ ಮುಳುಗಿತು.
ಫೋನಿನಲ್ಲಿ ಅವಳು ಜಗಳವಾಡಲಿಲ್ಲ,
'ಕಂಬ ಒಂದಾದರೂ ಕಾಣುತ್ತಾ?' ಅಂದಳು.

ಬೈದುಕೊಂಡೇ ಬರೆದೆ ಆರು ಸಂಚಿಕೆ.

ಏಳನೆಯದರ ಹದಿನೆಂಟನೆಯ ಪುಟ:
ದೋಣಿಯಲ್ಲಿ ಅಂಬಿಗನ ತಮ್ಮನ ಬೂಟು.
ಒಂದೇ ಕಾಲಿನದು.
ಒಂಬತ್ತು ಚೌಕ. ನೀರು, ನೀರು,
ಕೊನೆಯ ಚೌಕದ ಮೂಲೆಯಲ್ಲೊಂದು ಗುಳ್ಳೆ,
ಅದರೊಳಗೆ: 'ಇರು.'
ಯಾರು ಯಾರಿಗೆ ಹೇಳಿದ್ದು?
ಬಾಲ ಎತ್ತ ತಿರುಗಿಸಲಿ ಎಂದು ಕೇಳಿ ಬರೆದೆ.
'ಬಾಲ ಬೇಡ.' ಉತ್ತರ ಬಂದದ್ದು ನಡುರಾತ್ರಿ.
ಹನ್ನೊಂದು ವರ್ಷದ ಮೇಲೆ ಅವತ್ತು ಪೆನ್ನು ತೆಗೆದೆ,
ಕಂಪ್ಯೂಟರಿಗೆ ಬಿಡಲು ಮನಸ್ಸಾಗಲಿಲ್ಲ.
ಎರಡಕ್ಷರ. ನಾಲ್ಕು ಹಾಳೆ ಹರಿದೆ.

ಅವನನ್ನು ಕಂಡದ್ದು ಒಮ್ಮೆ, ಡೆಟ್ರಾಯಿಟಿನಲ್ಲಿ.
ಸಾಲಿನಲ್ಲಿ ನಿಂತು ಏಳನೆಯ ಸಂಚಿಕೆ ಚಾಚಿದೆ.
ತಲೆಯೆತ್ತದೆ ಕೇಳಿದ: 'ಹೆಸರು?'
ಹೇಳಿದೆ. ತಪ್ಪಾಗಿ ಬರೆದ.
ಒಳಪುಟದಲ್ಲಿ ಅವನ ಹೆಸರಿನ ಕೆಳಗೇ
ನನ್ನದು ಅಚ್ಚಾಗಿತ್ತು, ಸಣ್ಣಕ್ಷರದಲ್ಲಿ, ಸರಿಯಾಗಿ.

ಹನ್ನೆರಡನೆಯದು ಬಂದಿದೆ ಈಗ.
ಮೊದಲ ಗುಳ್ಳೆಗೇ ಎಪ್ಪತ್ತೊಂದು ಪದ.
ಕೆಳಗೆ ಯಾರದೋ ಟೈರಿಗೆ ಗಾಳಿ ತುಂಬುವ ಸದ್ದು.
ಅಕ್ಷರ ಅರ್ಧ ಪಾಯಿಂಟು ಇಳಿಸುತ್ತೇನೆ,
ರೊಸಾಲ್ಬಾಳ ದೀಪದ ಗೋಪುರ
ಕತ್ತಿನವರೆಗೆ ಹೊರಬರುತ್ತದೆ.
ಇನ್ನರ್ಧ ಇಳಿಸಿದರೆ ದೀಪವೂ ಕಂಡೀತು,
ಮಾತು ಓದಲು ಬಾರದು.

ಬೆರಳು ಕೀಲಿಯ ಮೇಲೇ ಇದೆ.