ಪೆಟ್ಟಿಗೆಯ ಮೇಲಿನ ನಂಬರು

ಪದಕದ ಸರ ಬಿಚ್ಚಿ ರಾಜೇಸಾಬರ ಕೊರಳಿಗೆ ಹಾಕಿದೆ.
ಗಂಟೆ, ಸುತ್ತಿಗೆ, ರಸೀದಿ ಪುಸ್ತಕ,
ಕಪಾಟಿನ ಕೀಲಿ. ಎಡಕ್ಕೆ ತಿರುವಿ
ಒಂದೀಟು ಎತ್ತಿ ತೆಗೀಬೇಕು, ಅದನ್ನೂ ಹೇಳಿದೆ.

ವರದಿಯಲ್ಲಿ ಓದಿದ್ದು:
ಕನ್ನಡಕ ಇನ್ನೂರ ಹನ್ನೆರಡು, ರಕ್ತ ಅರವತ್ತು ಬಾಟಲಿ,
ನವನಗರದ ಸೆಕ್ಟರ್ ರಸ್ತೆಗೆ ಸಸಿ ನಲವತ್ತು.
ಚಪ್ಪಾಳೆ ಬಿತ್ತು.

ಓದದೆ ಬಿಟ್ಟದ್ದು:
ಮುರನಾಳದ ಶಿವಗಂಗವ್ವ ಕನ್ನಡಕ ತಿರುಗಿ ತಂದು
‘ದೂರದ್ದು ನೋಡಿ ಏನ್ ಮಾಡ್ಲೆಪಾ,
ಸೂಜಿ ಕಣ್ಣು ಕಾಣೂದು ಕೊಡು’ ಅಂದದ್ದು.
ಸಸಿಗಳಲ್ಲಿ ಉಳಿದ ಹನ್ನೊಂದನ್ನು
ಎಣಿಸಿ ಹೇಳಿದವನು ಆಡು ಕಾಯುವ ಹುಡುಗ.

ಮತ್ತೆ ಆ ತಂಪು ಪೆಟ್ಟಿಗೆ,
ಹೆಣ ಕೆಡದಂತೆ ಇಡುವ, ಗಾಜಿನ ಮುಚ್ಚಳದ್ದು.
ರಿಬ್ಬನ್ ಕತ್ತರಿಸಿದ ದಿನ
ಶುಭವಾಗಲಿ ಅನ್ನಬೇಕೋ ಬೇಡವೋ ತಿಳಿಯದೆ
ಎಲ್ಲರೂ ಸುಮ್ಮನೆ ನಿಂತಿದ್ದೆವು.
ವರ್ಷಕ್ಕೆ ಮೂವತ್ತೊಂದು ಮನೆ.
ಹಳೇ ಊರಿನ ಸಂದಿಯಲ್ಲಿ ಒಮ್ಮೆ
ಬಾಗಿಲನ್ನೇ ಕಿತ್ತು ಒಳಗೊಯ್ದೆವು.
ರಾತ್ರಿ ಎರಡಕ್ಕೆ ಫೋನು. ಆ ಕಡೆ ಮಾತಿಲ್ಲ,
ಉಸಿರು ಕೇಳಿಯೇ ನಾನು ಪ್ಯಾಂಟು ಹುಡುಕುತ್ತಿದ್ದೆ.
‘ಪುಣೆಯಿಂದ ಮಗಳು ಬರೂತನಾ’ ಅಂದರು ಒಬ್ಬರು.
ಬಂದಳು. ಗಾಜಿನ ಮೇಲಿನ ಹಬೆ
ಸೆರಗಿನಿಂದ ಒರೆಸಿ ನೋಡಿದಳು.

ಈಗ ಅಧ್ಯಕ್ಷ ನಾನಲ್ಲ.
ಪೆಟ್ಟಿಗೆಯ ಮಗ್ಗುಲಿಗೆ ಪೇಂಟರ್ ಹುಲ್ಲಪ್ಪ ಬರೆದ
ಹತ್ತು ಅಂಕಿ ಮಾತ್ರ ನನ್ನವು.
ಅಳಿಸುವ ಥಿನ್ನರ್ ನನ್ನ ಅಂಗಡಿಯಲ್ಲೇ ಇದೆ,
ಎಂಬತ್ತು ರೂಪಾಯಿ ಡಬ್ಬಿ.
ತರುತ್ತೇನೆ ಎಂದಿದ್ದೇನೆ ರಾಜೇಸಾಬರಿಗೆ,
ಮುಂದಿನ ವಾರ.

ಇವತ್ತಂತೂ ಫೋನು ತಲೆದಿಂಬಿನ ಕೆಳಗೇ ಇದೆ.