ಹನ್ನೊಂದನೇ ದಿನ

ಅಂಗುಳದ ತೊಗಲು ಕೊಯ್ದು
ಒಸಡಿಗೆ ಹೊಲದ್ರು ಡಾಕ್ಟರು.
ಪಡಸಾಲಿ ಪರಸಿ ಕಿತ್ತು
ಬಚ್ಚಲಿಗೆ ಹಾಸಿದಂಗ.

ನೋವು ಹೊಲದಲ್ಲಿಲ್ಲ,
ಕಿತ್ತಲ್ಲಿ ಅದ.
ನಾಲಿಗಿ ಕಳ್ಳಿ, ಬ್ಯಾಡಂದ್ರೂ
ಹೋಗಿ ಹೋಗಿ ಮುಟ್ಟಿ ಬರ್ತದ.

ಬ್ರಹ್ಮಪುರ ಓಣ್ಯಾಗ ದಿನಾ
ಇನ್ನೂರು ರೊಟ್ಟಿ ಬಡಿಯಾಕಿ ನಾ.
ಈಗ ತಣ್ಣನ ಅಂಬಲಿ, ಚಮಚಾದಾಗ,
ಬಲಕ್ಕ ವಾಲಿ ಕುಂತು.
ಗಿರಾಕಿ ಕೇಳಿದ್ರ ಬೆರಳೆತ್ತಿ ರೇಟು ತೋರಸ್ತೀನಿ.
"ಭೌರಮ್ಮ ಜಗಳಾ ಬಿಟ್ಟಾಳ"
ಖಾಜಾಸಾಬ ನಗ್ತಾನ.
ನನಗ ನಗಲಾಕ ಬರಂಗಿಲ್ಲ,
ದಾರ ಜಗ್ತದ.

ಹನ್ನೊಂದಕ್ಕ ಹೊಲಿಗಿ ಬಿಚ್ಚಿದ್ರು.
ಸೊಸಿ ಸುಗಲಾ ಬಡದ ರೊಟ್ಟಿ
ಹಾಲಾಗ ಮುರದು, ಒಂದೇ ತುತ್ತು.
ಸಜ್ಜಿನೋ ಜ್ವಾಳೋ
ಮೊದಲಿಗಿ ತಿಳೀಲಿಲ್ಲ.
ಆಮ್ಯಾಲ ತಿಳೀತು:
"ಏ, ಅಂಚು ಹಸಿ ಉಳದದ!"
ಒದರಿದೆ.
ಒಲಿ ಮುಂದ ಅಕಿ
ಸೆರಗು ಬಾಯಿಗಿಟ್ಟು ನಕ್ಕಳು.