ಈ ಬದಿ ಮೇಲಕ್ಕೆ

ನಾವು ಅದನ್ನು ಊಟಿ ಅಂತಿದ್ದೆವು.
ರಜೆಗೆ ಎಲ್ಲಿಗೆ ಹೋಗಿದ್ರಿ ಎಂದು ಶಾಲೆಯಲ್ಲಿ ಕೇಳಿದಾಗ
ತಮ್ಮ ಇನ್ನಾಸಿ ಎದ್ದು ನಿಂತು, ಊಟಿ ಮಿಸ್, ಅಂದುಬಿಟ್ಟಿದ್ದ.
ಅವತ್ತಿನಿಂದ ಹೆಸರು ಕಾಯಂ.
ಮಲ್ಲೇಶ್ವರದಿಂದ ಎರಡು ಬಸ್ಸು, ಆಮೇಲೆ ನಡಿಗೆ,
ಹೆಸರಘಟ್ಟ ಕೆರೆಯ ಅಂಚಿಗೆ
ತಗಡು ಹೊದ್ದ ಒಂದೇ ಕೋಣೆ.

ಗೋಡೆ ಅಂದರೆ ಹಲಗೆ. ಹಲಗೆ ಅಂದರೆ
ಅಪ್ಪನ ಬಲ್ಬು ಕಾರ್ಖಾನೆಯ ಖಾಲಿ ಪೆಟ್ಟಿಗೆ,
ಗೇಟಿನಲ್ಲಿ ಚೀಟಿ ಬರೆಸಿ, ಮೂರು ರೂಪಾಯಿಗೆ ಒಂದರಂತೆ
ಶನಿವಾರ ಶನಿವಾರ ಸೈಕಲ್ಲಿಗೆ ಕಟ್ಟಿ ತಂದದ್ದು.
ಒಂದೊಂದರ ಮೇಲೂ ಕಪ್ಪು ಮಸಿಯ ಒಡೆದ ಲೋಟ,
ಒಂದು ಬಾಣ: ಈ ಬದಿ ಮೇಲಕ್ಕೆ.
ಎಲ್ಲ ಬಾಣವೂ ಆಕಾಶ ತೋರಿಸುತ್ತಿದ್ದವು,
ಒಲೆಯ ಪಕ್ಕದ್ದೊಂದು ಬಿಟ್ಟು.
ಅದನ್ನು ಕತ್ತಲಲ್ಲಿ ಬಡಿದಿದ್ದ. ಅದು ನೆಲ ತೋರಿಸುತ್ತಿತ್ತು.

ಬಲ್ಬು ಮಾಡುವ ಚೌರಪ್ಪನ ಊಟಿಗೆ ಕರೆಂಟಿಲ್ಲ.
ಆದರೂ ಜಂತೆಗೆ ಒಂದು ಬಲ್ಬು ತೂಗುಬಿಟ್ಟಿದ್ದ, ಸುಮ್ಮನೆ,
ರಿಜೆಕ್ಟ್ ಮಾಲು, ಒಳಗೆ ತಂತಿ ಹರಿದದ್ದು.
ಸಂಜೆ ಲಾಟೀನು ಹಚ್ಚಿದರೆ
ಅದರ ಹೊಟ್ಟೆಯಲ್ಲೂ ಸಣ್ಣದೊಂದು ದೀಪ.
ನೋಡು, ಬಿಲ್ಲೇ ಬರಲ್ಲ, ಅನ್ನುತ್ತಿದ್ದ.

ಮೇ ತಿಂಗಳಲ್ಲಿ ಹದಿನೈದು ದಿನ.
ಕೆರೆಮೀನಿನ ಸಾರು ಕುದಿಯುವಾಗ
ಅಕ್ಕ ಹುಣಸೆ ಚಿಗುರು ತಿಂದು ಹಲ್ಲು ಚಳಿತು ಅಳುತ್ತಿದ್ದಳು.
ಅಮ್ಮ ಜಪಸರ ಹಿಡಿದು, ಮೂರನೇ ಹತ್ತಕ್ಕೆ ಬರುವಷ್ಟರಲ್ಲಿ
ನಾವೆಲ್ಲ ಚಾಪೆಯ ಮೇಲೆ ಉರುಳಿರುತ್ತಿದ್ದೆವು.
ಉಳಿದದ್ದನ್ನು ಅವಳೊಬ್ಬಳೇ ಹೇಳಿ ಮುಗಿಸುತ್ತಿದ್ದಳು,
ನಮ್ಮ ಪಾಲಿನ ಉತ್ತರಗಳನ್ನೂ ಸೇರಿಸಿ.

ಮದುವೆಯಾದ ಹೊಸತರಲ್ಲಿ ಫಿಲೋಮಿನಕ್ಕ
ಗಂಡನ ಜೊತೆ ನಿಜವಾದ ಊಟಿಗೆ ಹೋಗಿ ಬಂದಳು.
ಚೆನ್ನಾಗಿದೆ, ಅಂದಳು. ಸ್ವಲ್ಪ ಹೊತ್ತು ಬಿಟ್ಟು,
ಆದರೆ ಅಲ್ಲಿ ಏನು ಮಾಡಬೇಕೋ ಗೊತ್ತಾಗಲಿಲ್ಲ.

ಆರು ವರ್ಷದಿಂದ ಯಾರೂ ಬಂದಿರಲಿಲ್ಲ.
ಕಂದಾಯದ ರಸೀದಿ ಮಾತ್ರ ಬರುತ್ತಿತ್ತು.
ಮಾರೋಣ, ಅಂದದ್ದು ಅಪ್ಪನೇ.
ಬೇಡ ಅನ್ನಲು ನಾವು ಮೂವರೂ ಬಾಯಿ ತೆರೆದೆವು,
ಅಷ್ಟರಲ್ಲಿ ಮೂವರ ಫೋನೂ ರಿಂಗಾದವು. ಹಾಗೇ ಆಯಿತು.

ಇವತ್ತು ಕೊನೆಯ ಸಲ.
ಅಪ್ಪ ಬಾಗಿಲ ಬಳಿ ಕೂತು, ಕಾಲು ಚಾಚಿ,
ಬಿಜಾಗರಿ, ಚಿಲಕ, ಒಂದೊಂದೇ ಸ್ಕ್ರೂ ಬಿಚ್ಚುತ್ತಿದ್ದಾನೆ.
ಅಮ್ಮ ಒಳಗೆ ಕಸ ಗುಡಿಸುತ್ತಿದ್ದಾಳೆ.
ಕೊಂಡ ಮುನಿಯಲ್ಲಪ್ಪನವರು ಚಪ್ಪಲಿ ಹೊರಗೆ ಬಿಟ್ಟು ಬಂದರು,
ಬಿಡೀಮ್ಮ, ನಾಳೆ ಜೆಸಿಬಿ ಬರುತ್ತಲ್ಲ, ಅಂದರು.
ಅಮ್ಮ ಪೊರಕೆ ನಿಲ್ಲಿಸಲಿಲ್ಲ.
ಜೆಸಿಬಿಯೋನು ಏನಂದ್ಕೋತಾನೆ, ಅಂದಳು.

ಬಾಗಿಲು ಈಗ ಗೋಡೆಗೆ ಒರಗಿ ನಿಂತಿದೆ,
ಬೀಗ ಇನ್ನೂ ಅದರ ಮೈಮೇಲೇ.
ಇನ್ನಾಸಿ ಹಾರೆ ತಂದು ಒಲೆಯ ಪಕ್ಕದ ಹಲಗೆ ಕಿತ್ತ.
ಆ ಸಂದಿಯಲ್ಲಿ ಕೆರೆ ಕಾಣಬೇಕಿತ್ತು.
ಯಾರದೋ ನೀಲಿ ವಾಟರ್ ಟ್ಯಾಂಕು ಕಂಡಿತು,
ಅದರ ಮೇಲೆ ಒಂದು ಕೊಕ್ಕರೆ, ವಿಳಾಸ ಕೇಳುವವರ ಹಾಗೆ.

ಹಲಗೆ ಡಿಕ್ಕಿಯಲ್ಲಿ ಹಿಡಿಸಲಿಲ್ಲ.
ನನ್ನ ತೊಡೆಯ ಮೇಲೆ ಅಡ್ಡ, ತುದಿ ಕಿಟಕಿಯಾಚೆ.
ಬಾಣ ಈಗ ಮೇಲಕ್ಕೂ ಅಲ್ಲ, ಕೆಳಕ್ಕೂ ಅಲ್ಲ,
ನಾವು ತಿರುಗಿದಂತೆ ತಿರುಗುತ್ತಾ
ಒಮ್ಮೆ ಬೇಕರಿ, ಒಮ್ಮೆ ಟಯರ್ ಅಂಗಡಿ, ಒಮ್ಮೆ ಶಾಲೆಯೊಂದರ ಗೇಟು
ಇದೇ ಮೇಲೆ, ಇದೇ ಮೇಲೆ ಅನ್ನುತ್ತಿತ್ತು.

ಮುಂದಿನ ಸೀಟಿನಲ್ಲಿ ಅಪ್ಪ
ಕರ್ಚೀಫು ಬಿಡಿಸಿ ಸ್ಕ್ರೂ ಎಣಿಸಿದ.
ಇಪ್ಪತ್ತಮೂರು.
ಇನ್ನೊಂದು ಸಲ ಎಣಿಸಿದ.
ಒಂದು ಅಲ್ಲೇ ಉಳೀತು, ಅಂದ.

ಯಾರೂ ಗಾಡಿ ತಿರುಗಿಸು ಅನ್ನಲಿಲ್ಲ.
ಇನ್ನಾಸಿ ಮಾತ್ರ ಸ್ವಲ್ಪ ನಿಧಾನ ಮಾಡಿದ.